ಕಪ್ಪು ಕಾಗದದಲ್ಲಿ ಮೊಮ್ಮಗಳ ಮೂಗು

ಹೋದ ತಿಂಗಳು ಬೇರೊಂದು ಪ್ರಶ್ನೆಗೆ ಉತ್ತರ ಬರೆಯುವಾಗ, ನಮ್ಮ ಮನೆಯ ಗೋಡೆ ಮೇಲಿರುವ ಅಜ್ಜಿಯ ನೆರಳು ಚಿತ್ರದ ಬಗ್ಗೆ, ಅಂದರೆ ಪಕ್ಕದಿಂದ ಕಾಣುವ ಮುಖವನ್ನು ಕಾಗದದಲ್ಲಿ ಕತ್ತರಿಸಿದ ಕಪ್ಪು ಚಿತ್ರದ ಬಗ್ಗೆ, ಎರಡು ಸಾಲು ಬರೆದಿದ್ದೆ. ಆ ಎರಡು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಡುತ್ತಿದ್ದೇನೆ. ನಾನು 31 ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವಳು. ಬಣ್ಣ, ಬ್ರಷ್ಷು ಎಲ್ಲವೂ ಇಷ್ಟ. ಆದರೆ ಒಂದು ಕತ್ತರಿ, ಒಂದು ಚೂರು ಕಪ್ಪು ಕಾಗದ, ಇವುಗಳ ಮೇಲಿನ ಪ್ರೀತಿಯೇ ಬೇರೆ.

ಪ್ರಶ್ನೆ: ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಆರು ವರ್ಷದ ಮೊಮ್ಮಗಳನ್ನು ಡಿಸ್ನಿಲ್ಯಾಂಡಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಬ್ಬರು ಪೆನ್ಸಿಲ್ಲೇ ಮುಟ್ಟದೆ, ಬರೀ ಕತ್ತರಿಯಿಂದ, ಮಗುವಿನ ಮುಖವನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಕೊಟ್ಟರಂತೆ. ಅದನ್ನು ಫ್ರೇಮ್ ಹಾಕಿಸಿ ಕಳಿಸಿದ್ದಾಳೆ. ಫೋನಿನಲ್ಲಿ ಮೊಮ್ಮಗಳ ಸಾವಿರಾರು ಫೋಟೋ ಇವೆ. ಆದರೂ ದಿನಾ ನಿಂತು ನೋಡುವುದು ಇದನ್ನೇ. "ಕಣ್ಣಿಲ್ಲ, ಬಾಯಿಲ್ಲ, ಅದರಲ್ಲೇನು ನೋಡ್ತೀಯ?" ಅಂತಾರೆ ನಮ್ಮ ಮನೆಯವರು. ನಿಜವಾಗಿ ಇದರಲ್ಲಿ ಏನಿದೆ ಮೇಡಂ?
— ಅಜ್ಜಿಯೊಬ್ಬರು, ಶಿವಮೊಗ್ಗ

ಉತ್ತರ: ಅಮ್ಮಾ, ನಾಳೆ ಬೆಳಿಗ್ಗೆ ಅದರ ಮುಂದೆ ನಿಂತಾಗ ಮೂಗಿನ ಕೆಳಗೆ ಸ್ವಲ್ಪ ಹೊತ್ತು ನೋಡಿ. ಆರು ವರ್ಷ ಅಂದರೆ ಹಾಲುಹಲ್ಲು ಬೀಳುವ ಕಾಲ. ಮುಂದಿನ ಹಲ್ಲು ಬಿದ್ದಿದ್ದರೆ ಮೇಲ್ದುಟಿ ಒಂದು ಕೂದಲೆಳೆಯಷ್ಟು ಒಳಗೆ ಸರಿದಿರುತ್ತದೆ. ಕತ್ತರಿಸಿದವರು ಅದನ್ನು ಬಿಟ್ಟಿರುವುದಿಲ್ಲ. ಮಕ್ಕಳ ಹಣೆ ಮುಂದಕ್ಕೆ ಉಬ್ಬಿರುತ್ತದೆ, ಮೂಗಿನ ಬುಡ ತಗ್ಗಿರುತ್ತದೆ. ಅದೂ ಇರುತ್ತದೆ. ಹನ್ನೆರಡು ವರ್ಷಕ್ಕೆ ಈ ಗೆರೆ ಪೂರ್ತಿ ಬೇರೆಯಾಗುತ್ತದೆ. ನಿಮ್ಮ ಹತ್ತಿರ ಇರುವುದು ಈ ಒಂದು ವರ್ಷದ ಮುಖದ ಅಂಚು.

ಕಣ್ಣಿಲ್ಲ ಅಂತಾರಲ್ಲ ಯಜಮಾನರು, ಆ ಕಣ್ಣನ್ನು ಹಾಕುತ್ತಿರುವವರು ನೀವು. ಫೋಟೋದಲ್ಲಿ ಎಲ್ಲ ಇರುತ್ತದೆ. ನೋಡುತ್ತೇವೆ, ಮುಂದಕ್ಕೆ ಸರಿಸುತ್ತೇವೆ. ಈ ಕಪ್ಪಿನಲ್ಲಿ ಏನೂ ಇಲ್ಲದ್ದರಿಂದ ನಿಮ್ಮ ಮನಸ್ಸು ಸುಮ್ಮನಿರುವುದಿಲ್ಲ. ಅವಳ ರೆಪ್ಪೆ, ಅವಳ ನಗು, ಜಡೆ ಹಾಕುವಾಗ ಮುಖ ಸಿಂಡರಿಸುವುದು, ಎಲ್ಲವನ್ನೂ ನೀವೇ ತುಂಬುತ್ತೀರಿ. ದಿನಾ ಹೊಸದಾಗಿ ತುಂಬುತ್ತೀರಿ.

ಇನ್ನೊಂದು ಮಾತು ಇದೆ, ನನಗೆ ಅದೇ ಮುಖ್ಯ. ಆ ಒಂದು ನಿಮಿಷ ಒಬ್ಬ ಮನುಷ್ಯ ಬೇರೆ ಯಾವ ಕಡೆಗೂ ತಿರುಗದೆ ನಿಮ್ಮ ಮೊಮ್ಮಗಳನ್ನು ನೋಡಿದ್ದಾರೆ. ಮಗು ಅಲುಗಾಡದೆ ಕೂತಿದೆ. ಆ ನೋಟವೇ ಕತ್ತರಿಯಲ್ಲಿ ಇಳಿದು ಕಾಗದವಾಗಿದೆ. ಡಿಸ್ನಿಲ್ಯಾಂಡಿನ ಆ ಪುಟ್ಟ ಅಂಗಡಿ ಅಲ್ಲಿನ ಮುಖ್ಯ ಬೀದಿಯಲ್ಲಿ 1956ರಿಂದ ಇದೆ. ಅಷ್ಟೊಂದು ಯಂತ್ರ, ಅಷ್ಟೊಂದು ದೀಪ ಇರುವ ಜಾಗದಲ್ಲಿ ಕತ್ತರಿ ಹಿಡಿದವರ ಮುಂದೆ ಇವತ್ತಿಗೂ ಜನ ಬಂದು ಕೂರುತ್ತಾರೆ.

ಇದರ ಹೆಸರು ಸಿಲೂಯೆಟ್. ಅದು ಒಬ್ಬ ಮನುಷ್ಯನ ಹೆಸರು. ಎಟಿಯೆನ್ ದ ಸಿಲೂಯೆಟ್ ಎಂಬುವರು 1759ರ ಮಾರ್ಚ್‌ನಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿಯಾದರು. ಯುದ್ಧದ ಕಾಲ, ಬೊಕ್ಕಸ ಖಾಲಿ. ಶ್ರೀಮಂತರ ಮೇಲೆ ತೆರಿಗೆ ಹಾಕಿದರು, ಖರ್ಚಿಗೆ ಕಡಿವಾಣ ಹಾಕಿದರು. ನವೆಂಬರ್ ಹೊತ್ತಿಗೆ ಅಧಿಕಾರ ಹೋಯಿತು. ಅಗ್ಗದ್ದು, ಅರೆಬರೆಯದು ಏನೇ ಕಂಡರೂ ಪ್ಯಾರಿಸ್ಸಿನ ಜನ "ಸಿಲೂಯೆಟ್ ಥರದ್ದು" ಅನ್ನುತ್ತಿದ್ದರು. ಬಣ್ಣದ ಚಿತ್ರ ಬರೆಸಿಕೊಳ್ಳಲು ತುಂಬ ದುಡ್ಡು ಬೇಕಿತ್ತು. ನೆರಳು ಚಿತ್ರಕ್ಕೆ ಚಿಲ್ಲರೆ ಸಾಕಿತ್ತು. ಹಾಗೆ ಆ ಹೆಸರು ಇದಕ್ಕೆ ಅಂಟಿಕೊಂಡಿತು. ಬೈಗುಳವಾಗಿ ಹುಟ್ಟಿದ ಮಾತು ಇವತ್ತು ನಿಮ್ಮ ಮನೆಯ ಫ್ರೇಮಿನಲ್ಲಿ ಇಷ್ಟು ಪ್ರೀತಿಯಿಂದ ಕೂತಿದೆ ನೋಡಿ.

ಅಗ್ಗ ಅನ್ನುವುದು ಇದರ ಕೊರತೆ ಅಲ್ಲ, ಇದರ ದೊಡ್ಡ ಗುಣ. ಮುಖವನ್ನು ಉಳಿಸಿಕೊಳ್ಳುವ ಆಸೆ ರಾಜರಿಗೆ ಮಾತ್ರ ಇರುತ್ತದಾ? ದರ್ಜಿಗೂ ಇರುತ್ತದೆ, ಅಡುಗೆಯವಳಿಗೂ ಇರುತ್ತದೆ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಆ ಆಸೆಯನ್ನು ತೀರಿಸಿದ್ದು ಈ ಕಪ್ಪು ಕಾಗದ.

ಪ್ರಶ್ನೆ: ಪೆನ್ಸಿಲ್ ಗೆರೆ ಇಲ್ಲದೆ ನೇರವಾಗಿ ಮುಖ ಕತ್ತರಿಸುವುದು ಹೇಗೆ ಸಾಧ್ಯ? ಏನೋ ಯಂತ್ರ ಇಟ್ಟುಕೊಂಡಿರಬೇಕು ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ಯಾರು ಸರಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಇಬ್ಬರೂ ಸರಿ. ಎರಡು ದಾರಿಯೂ ಇದ್ದವು, ಎರಡು ದಾರಿಯಲ್ಲೂ ದೊಡ್ಡ ಕೈಗಳಿದ್ದವು.

ಮೊದಲು ಯಂತ್ರದ್ದು ಹೇಳುತ್ತೇನೆ. 1802ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಚಾರ್ಲ್ಸ್ ವಿಲ್ಸನ್ ಪೀಲ್ ಎಂಬ ಚಿತ್ರಕಾರರು ತಮ್ಮ ಮ್ಯೂಸಿಯಮ್ಮಿನಲ್ಲಿ ಒಂದು ಯಂತ್ರ ಇಟ್ಟರು. ಕೂತವರ ಮುಖದ ಅಂಚಿನ ಮೇಲೆ ಒಂದು ಕಡ್ಡಿ ಹಾಯಿಸಿದರೆ, ಅದೇ ಗೆರೆ ಚಿಕ್ಕದಾಗಿ ಕಾಗದದ ಮೇಲೆ ಮೂಡುತ್ತಿತ್ತು. ಬಿಳಿ ಕಾಗದವನ್ನು ಎರಡು ಸಲ ಮಡಚಿ ಇಡುತ್ತಿದ್ದರು. ಹಾಗಾಗಿ ಒಂದೇ ಸಲಕ್ಕೆ ನಾಲ್ಕು ಪ್ರತಿ. ಆಮೇಲೆ ಮುಖದ ಭಾಗವನ್ನು ಕತ್ತರಿಸಿ ತೆಗೆದುಬಿಡುವುದು, ಉಳಿದ ತೂತಿನ ಹಿಂದೆ ಕಪ್ಪು ಕಾಗದವನ್ನೋ ಬಟ್ಟೆಯನ್ನೋ ಇಡುವುದು. ಅಂದರೆ ಅಲ್ಲಿ ಮುಖ ಅನ್ನುವುದು ಕಾಗದವಲ್ಲ, ಕಾಗದ ಇಲ್ಲದ ಜಾಗ.

ಆ ಯಂತ್ರದ ಹಿಂದೆ ಇದ್ದವರು ಮೋಸೆಸ್ ವಿಲಿಯಮ್ಸ್. ಪೀಲ್ ಅವರ ಮನೆಯಲ್ಲೇ ಗುಲಾಮರಾಗಿ ಬೆಳೆದವರು. ಪೀಲ್ ತಮ್ಮ ಸ್ವಂತ ಮಕ್ಕಳಿಗೆ ಬಣ್ಣದ ಕೆಲಸ ಕಲಿಸಿದರು. ಮೋಸೆಸ್ ಕೈಗೆ ಬಂದದ್ದು ಈ ಯಂತ್ರ ಮತ್ತು ಕತ್ತರಿ. ಅದೇ ವರ್ಷ ಅವರಿಗೆ ಬಿಡುಗಡೆಯೂ ಸಿಕ್ಕಿತು. ಒಂದು ಮುಖ ಕತ್ತರಿಸಲು 8 ಸೆಂಟ್. ಒಂದೇ ವರ್ಷದಲ್ಲಿ 8000ಕ್ಕೂ ಹೆಚ್ಚು ಮುಖ ಕತ್ತರಿಸಿದರು. ಆ ದುಡ್ಡಿನಲ್ಲಿ ಎರಡಂತಸ್ತಿನ ಮನೆ ಕೊಂಡರು. ಈ ಕಥೆಯನ್ನು ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಯಂತ್ರ ಗೆರೆ ಕೊಡುತ್ತಿತ್ತು, ನಿಜ. ಆದರೆ ರೆಪ್ಪೆ, ತುಟಿಯ ಮೂಲೆ, ಜಾರಿದ ಒಂದು ಕೂದಲು, ಇವೆಲ್ಲ ಯಂತ್ರಕ್ಕೆ ಸಿಗುವುದಿಲ್ಲ. ಅದು ಮೋಸೆಸ್ ಕೈಯ ಕೆಲಸ. ಅವರದೇ ಮುಖದ ನೆರಳು ಚಿತ್ರ ಒಂದು ಇವತ್ತಿಗೂ ಫಿಲಡೆಲ್ಫಿಯಾದ ಲೈಬ್ರರಿ ಕಂಪನಿ ಎಂಬ ಹಳೆಯ ಗ್ರಂಥಾಲಯದಲ್ಲಿದೆ. ಕೆಳಗೆ ಬರೆದಿರುವುದು ಅವರ ಹೆಸರು ಮತ್ತು ಕಸುಬು: "ಮುಖ ಕತ್ತರಿಸುವವರು" ಅಂತ.

ಈಗ ಯಂತ್ರವಿಲ್ಲದ ದಾರಿ. ಓಗಸ್ಟ್ ಎಡ್ವಾರ್ ಫ್ರಾನ್ಸಿನ ಡನ್‌ಕರ್ಕ್‌ನಲ್ಲಿ ಹುಟ್ಟಿದವರು, ಇಂಗ್ಲೆಂಡಿಗೆ ಬಂದು ನೆಲೆಸಿದವರು. ಮೊದಲು ಕೂದಲಿನಿಂದ ಚಿತ್ರ ಮಾಡುತ್ತಿದ್ದರು. ಒಂದು ಸಂಜೆ ಪರಿಚಯದ ಮನೆಯಲ್ಲಿ ಹೆಣ್ಣುಮಕ್ಕಳು ತಮ್ಮ ಅಪ್ಪನ ಮುಖದ ಚಿತ್ರ ತೋರಿಸಿದರು. ಯಂತ್ರದಿಂದ ಮಾಡಿಸಿದ್ದು. ಇದು ಏನೂ ಚೆನ್ನಾಗಿಲ್ಲ ಅಂದರು ಎಡ್ವಾರ್. ಹಾಗಾದರೆ ನೀವೇ ಮಾಡಿ ತೋರಿಸಿ ಅಂತ ಮಕ್ಕಳು ಪಟ್ಟು ಹಿಡಿದರು. ಅಲ್ಲೇ ಇದ್ದ ಕಾಗದದ ಲಕೋಟೆ ತಗೊಂಡು, ಕತ್ತರಿಸಿ, ಮೇಣದ ಬತ್ತಿಯ ಮಸಿ ಬಳಿದು ಕೊಟ್ಟರು. ಚಿತ್ರದಲ್ಲಿ ಅಪ್ಪ ಹಾಗೇ ಬಂದಿದ್ದರು. ಅವತ್ತಿನಿಂದ ಅದೇ ಅವರ ಬದುಕಾಯಿತು.

ಅವರು ಕಾಗದವನ್ನು ಕಪ್ಪು ಒಳಗೆ ಬರುವ ಹಾಗೆ ಮಡಚುತ್ತಿದ್ದರು. ಕಣ್ಣಿಗೆ ಬಿಳಿ ಕಾಣುತ್ತದೆ, ಕತ್ತರಿಸಿದರೆ ಎರಡು ಪ್ರತಿ. ಒಂದು ಕೂತವರಿಗೆ, ಇನ್ನೊಂದು ತಮ್ಮ ಆಲ್ಬಮ್ಮಿಗೆ. ಪಕ್ಕದಲ್ಲಿ ಹೆಸರು, ಊರು, ತಾರೀಕು. 1839ರಿಂದ ಹತ್ತು ವರ್ಷ ಅಮೆರಿಕ ಸುತ್ತಿದರು. ಅಧ್ಯಕ್ಷರಾದ ಜಾನ್ ಟೈಲರ್ ಅವರನ್ನೂ ಕತ್ತರಿಸಿದರು. 1849ರಲ್ಲಿ ವಾಪಸ್ಸು ಬರುವಾಗ ಹಡಗು ಗರ್ನ್ಸಿ ದ್ವೀಪದ ಹತ್ತಿರ ಒಡೆಯಿತು. ಆಲ್ಬಮ್‌ಗಳಲ್ಲಿ ಹೆಚ್ಚಿನವು ನೀರುಪಾಲಾದವು. ಉಳಿದವನ್ನು ತಮಗೆ ಆಸರೆ ಕೊಟ್ಟ ಅಲ್ಲಿನ ಒಂದು ಮನೆಯವರಿಗೆ ಕೊಟ್ಟುಬಿಟ್ಟರು. ಎಡ್ವಾರ್ ಆಮೇಲೆ ಕತ್ತರಿ ಹಿಡಿಯಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಷ್ಟು ಜನ, ಅಷ್ಟು ಹೆಸರು, ಒಂದೇ ರಾತ್ರಿಯಲ್ಲಿ.

ಇನ್ನು ಕೈಚಳಕ. ಕತ್ತರಿ ಹಿಡಿದ ಕೈ ಜಾಸ್ತಿ ಅಲುಗಾಡುವುದಿಲ್ಲ. ಓಡಾಡುವುದು ಕಾಗದ ಹಿಡಿದ ಕೈ. ಅಲಗು ಚಿಕ್ಕದು, ಚೂಪು. ಮೂಗು, ತುಟಿ ಬಂದಾಗ ಕತ್ತರಿಯ ಬುಡದ ಹತ್ತಿರ ಕತ್ತರಿಸಬೇಕು, ತುದಿಯಲ್ಲಲ್ಲ. ಗೆರೆ ಒಂದೇ, ಎಲ್ಲೂ ಎತ್ತುವ ಹಾಗಿಲ್ಲ. ಮತ್ತೆ ಇಲ್ಲಿ ರಬ್ಬರ್ ಇಲ್ಲ. ಹೋದದ್ದು ಹೋಯಿತು.

ಮಾರ್ಥಾ ಆನ್ ಹನಿವೆಲ್ ಅಂತ ಒಬ್ಬರಿದ್ದರು, 1786ರಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಕೈಗಳಿರಲಿಲ್ಲ. ಬಾಯಿ ಮತ್ತು ಕಾಲ್ಬೆರಳಿನಿಂದ ಕತ್ತರಿಸುತ್ತಿದ್ದರು. ಅಮೆರಿಕ, ಯುರೋಪ್ ಎರಡೂ ಕಡೆ ಜನರ ಮುಂದೆ ಕೂತು ಮಾಡಿ ತೋರಿಸಿದರು. ಈ ಕೆಲಸದಲ್ಲಿ ಕಣ್ಣು ಎಷ್ಟು ದೊಡ್ಡದು ಅಂತ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಪ್ರಶ್ನೆ: ಇದು ನಮ್ಮ ತೊಗಲು ಗೊಂಬೆಯೇ ಅಲ್ವಾ?
— ಓದುಗರು, ಬಳ್ಳಾರಿ

ಉತ್ತರ: ನೆರಳು ಎರಡಕ್ಕೂ ತಾಯಿ. ಆದರೆ ನಮ್ಮ ತೊಗಲು ಗೊಂಬೆ ಬೆಳಕನ್ನು ಒಳಗೆ ಬಿಡುತ್ತದೆ. ತೆಳ್ಳಗೆ ಹದ ಮಾಡಿದ ಚರ್ಮ, ಮೇಲೆ ಕೆಂಪು ಹಸಿರು ಬಣ್ಣ, ಪರದೆಯ ಮೇಲೆ ರಾಮ ಬಣ್ಣಬಣ್ಣವಾಗಿ ಬರುತ್ತಾನೆ. ಕಣ್ಣು, ಒಡವೆ ಎಲ್ಲ ಕಾಣುತ್ತವೆ. ಕಪ್ಪು ಕಾಗದ ಬೆಳಕನ್ನು ಪೂರ್ತಿ ತಡೆಯುತ್ತದೆ. ಅಲ್ಲಿ ರಾಮ ಇಲ್ಲ, ಪಕ್ಕದ ಮನೆಯ ಸರೋಜಮ್ಮ ಇರುತ್ತಾರೆ.

ಎರಡನ್ನೂ ಹತ್ತಿರ ತಂದವರು ಜರ್ಮನಿಯ ಲೊಟ್ಟೆ ರೈನಿಗರ್. ಕಪ್ಪು ಕಾಗದದ ಗೊಂಬೆಗಳನ್ನು ಕತ್ತರಿಸಿ, ಕೀಲು ಜೋಡಿಸಿ, ಒಂದೊಂದೇ ಚಿತ್ರ ತೆಗೆದು 1926ರಲ್ಲಿ "ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಕ್ಮೆದ್" ಎಂಬ ಪೂರ್ತಿ ಉದ್ದದ ಸಿನಿಮಾ ಮಾಡಿದರು. ಇವತ್ತು ಉಳಿದಿರುವ ಪೂರ್ತಿ ಉದ್ದದ ಆನಿಮೇಷನ್ ಸಿನಿಮಾಗಳಲ್ಲಿ ಅದೇ ಅತಿ ಹಳೆಯದು. ಸಿಕ್ಕರೆ ಮಕ್ಕಳ ಜೊತೆ ಕೂತು ನೋಡಿ.

ಪ್ರಶ್ನೆ: ನಮ್ಮ ಶಾಲೆಯ ಏಳನೇ ಕ್ಲಾಸಿನ ಮಕ್ಕಳಿಂದ ಮಾಡಿಸಬೇಕು ಅಂತಿದ್ದೇನೆ. ಏನೇನು ಬೇಕು? ಹೇಗೆ ಮಾಡುವುದು?
— ಶಿಕ್ಷಕಿ, ತುಮಕೂರು

ಉತ್ತರ: ಖಂಡಿತ ಮಾಡಿಸಿ ಮೇಡಂ. ಒಂದು ಕತ್ತಲೆ ಕೋಣೆ ಬೇಕು. ಕಿಟಕಿಗೆ ಜಮಖಾನ ಕಟ್ಟಿ. ಒಂದೇ ಒಂದು ಬಲ್ಬ್ ಇರಲಿ, ಬುರುಡೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಟ್ಯೂಬ್‌ಲೈಟ್ ಬೇಡ, ಅದರ ನೆರಳು ಮಬ್ಬು. ಮಗುವನ್ನು ಗೋಡೆಗೆ ಪಕ್ಕವಾಗಿ, ಭುಜ ಗೋಡೆಗೆ ತಾಗುವಷ್ಟು ಹತ್ತಿರ ಕೂರಿಸಿ. ದೀಪ ಆರೇಳು ಅಡಿ ದೂರ, ಸರಿಯಾಗಿ ಮುಖದ ಎತ್ತರಕ್ಕೆ. ದೀಪ ಹತ್ತಿರ ಬಂದಷ್ಟೂ ನೆರಳು ಊದಿಕೊಳ್ಳುತ್ತದೆ, ಅಂಚು ಕರಗುತ್ತದೆ. ಗೋಡೆಗೆ ಡ್ರಾಯಿಂಗ್ ಹಾಳೆ ಅಂಟಿಸಿ, ಗೆರೆ ಎಳೆಯಿರಿ. ಎಳೆಯುವವರು ದೀಪಕ್ಕೆ ಅಡ್ಡ ನಿಲ್ಲಬಾರದು. ಕೂತವರಿಗೆ ನಗು ತಡೆಯಲು ಆಗುವುದಿಲ್ಲ. ನಗಲಿ ಬಿಡಿ, ಮತ್ತೆ ಎಳೆದರಾಯಿತು.

ಬಂದ ಚಿತ್ರ ದೊಡ್ಡದಿರುತ್ತದೆ. ಹಾಗೇ ಇಟ್ಟುಕೊಳ್ಳಬಹುದು. ಚಿಕ್ಕದು ಬೇಕಾದರೆ ಜೆರಾಕ್ಸ್ ಅಂಗಡಿಯಲ್ಲಿ ಕಿರಿದು ಮಾಡಿಸಿ. ಕಪ್ಪು ಕಾಗದ ತೆಳ್ಳಗಿರಲಿ. ದಪ್ಪ ಚಾರ್ಟ್ ಹಾಳೆ ಮಕ್ಕಳ ಕತ್ತರಿಗೆ ಬಗ್ಗುವುದಿಲ್ಲ, ತುಟಿಯ ಹತ್ತಿರ ಹರಿದುಹೋಗುತ್ತದೆ. ಕತ್ತಿನ ಕೆಳಗೆ ಅಡ್ಡಕ್ಕೆ ಗೆರೆ ಹೊಡೆದ ಹಾಗೆ ನಿಲ್ಲಿಸಬೇಡಿ. ಎದೆಯ ಹತ್ತಿರ ಒಂದು ಬಳುಕು ಕೊಟ್ಟು ಮುಗಿಸಿ. ಅಂಟು ತೆಳ್ಳಗೆ, ಮಧ್ಯದಲ್ಲಿ ಮಾತ್ರ. ಅಂಚಿಗೆ ಹಚ್ಚಿದರೆ ಬಿಳಿ ಹಾಳೆ ಕೊಳೆಯಾಗುತ್ತದೆ. ಫ್ರೇಮ್ ಹಾಕಿಸುವಾಗ ಗಾಜು ಕಾಗದಕ್ಕೆ ತಾಗದ ಹಾಗೆ ಸುತ್ತ ಒಂದು ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಇಡಿಸಿ. ಬಿಸಿಲು ಬೀಳುವ ಗೋಡೆ ಬೇಡ.

ಒಂದು ವಿಷಯದಲ್ಲಿ ಜೋಪಾನ. ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ಊರಿನಲ್ಲಿ ಲಾವಾಟರ್ ಅಂತ ಒಬ್ಬ ಪಾದ್ರಿ ಇದ್ದರು. ಮುಖದ ಅಂಚು ನೋಡಿ ಮನುಷ್ಯನ ಗುಣ ಹೇಳಬಹುದು ಅಂತ 1775ರಿಂದ ದೊಡ್ಡ ದೊಡ್ಡ ಪುಸ್ತಕ ಬರೆದರು. ಅದರಿಂದ ಯುರೋಪಿನಲ್ಲಿ ನೆರಳು ಚಿತ್ರದ ಹುಚ್ಚು ಹಬ್ಬಿತು. ಚಿತ್ರ ಹಬ್ಬಿದ್ದು ಒಳ್ಳೆಯದಾಯಿತು, ಆ ನಂಬಿಕೆ ಮಾತ್ರ ತಪ್ಪು. ಕ್ಲಾಸಿನಲ್ಲಿ ಚಿತ್ರಗಳನ್ನು ಸಾಲಾಗಿ ಅಂಟಿಸಿದ ಕೂಡಲೇ ಯಾರೋ ಒಬ್ಬರು ಇನ್ನೊಬ್ಬರ ಮೂಗಿನ ಬಗ್ಗೆ ಮಾತು ಶುರು ಮಾಡುತ್ತಾರೆ. ನಾನು ಅದಕ್ಕೆ ಮೊದಲೇ ಒಂದು ಆಟ ಇಟ್ಟಿರುತ್ತಿದ್ದೆ. ಹೆಸರು ಬರೆಯದೆ ಅಂಟಿಸಿ, ಯಾರು ಯಾರು ಅಂತ ಮಕ್ಕಳೇ ಗುರುತು ಹಿಡಿಯಬೇಕು. ಒಂದು ವರ್ಷ ಕೊನೆ ಬೆಂಚಿನ ಹುಡುಗಿಯೊಬ್ಬಳ ಚಿತ್ರವನ್ನು ಇಡೀ ಕ್ಲಾಸು ಒಂದೇ ಸಲಕ್ಕೆ ಗುರುತಿಸಿತು. ಜಾಸ್ತಿ ಮಾತಾಡದ ಮಗು ಅದು. ತನ್ನನ್ನು ಯಾರೂ ನೋಡಿಯೇ ಇಲ್ಲ ಅಂದುಕೊಂಡಿದ್ದಳೋ ಏನೋ. ಅವಳ ಮುಖ ಅರಳಿದ್ದು ನನ್ನ ಕಣ್ಣ ಮುಂದೆ ಇದೆ.

ಪ್ರಶ್ನೆ: ಹೋದ ವರ್ಷ ತಂದೆ ತೀರಿಕೊಂಡರು. ಅವರದು ಎಲ್ಲ ಎದುರಿನಿಂದ ತೆಗೆದ ಫೋಟೋಗಳೇ. ಅದರಿಂದ ನೆರಳು ಚಿತ್ರ ಮಾಡಲು ಆಗುತ್ತದೆಯೇ? ತಾಯಿಗೆ 78. ಅವರು ಕ್ಯಾಮೆರಾ ಕಂಡರೆ ಸೆರಗು ಅಡ್ಡ ಹಿಡಿಯುತ್ತಾರೆ. ನಿಮ್ಮ ಅಜ್ಜಿಯ ಚಿತ್ರ ಹೇಗೆ ಮಾಡಿದಿರಿ, ದಯವಿಟ್ಟು ಬರೆಯಿರಿ.
— ಓದುಗರು, ಮಂಗಳೂರು

ಉತ್ತರ: ಎದುರಿನ ಫೋಟೋದಿಂದ ಆಗುವುದಿಲ್ಲಪ್ಪ. ಮೂಗು ಎಷ್ಟು ಮುಂದೆ ಬಂದಿದೆ, ಗಲ್ಲ ಎಷ್ಟು ಒಳಗಿದೆ ಅನ್ನುವುದು ಅದರಲ್ಲಿ ಇರುವುದೇ ಇಲ್ಲ. ಊಹೆ ಮಾಡಿ ಕತ್ತರಿಸಿದರೆ ಯಾರೋ ಒಬ್ಬರು ಬರುತ್ತಾರೆ, ನಿಮ್ಮ ತಂದೆ ಬರುವುದಿಲ್ಲ. ಆದರೆ ಹುಡುಕುವುದನ್ನು ಬಿಡಬೇಡಿ. ಮದುವೆ ಆಲ್ಬಮ್‌ಗಳನ್ನು ತೆಗೆಯಿರಿ. ನಿಮ್ಮ ಅಕ್ಕನದೋ ತಂಗಿಯದೋ ಮದುವೆ ಆಗಿದ್ದರೆ ಧಾರೆ ಎರೆಯುವಾಗಿನ ಫೋಟೋ ನೋಡಿ. ಆಗ ಯಾರೂ ಕ್ಯಾಮೆರಾ ನೋಡುತ್ತಿರುವುದಿಲ್ಲ. ಅಪ್ಪ ಪಕ್ಕಕ್ಕೆ ತಿರುಗಿ, ಕೈ ನೋಡುತ್ತಾ ನಿಂತಿರುತ್ತಾರೆ. ಬೇರೆಯವರ ಮದುವೆಯ ಆಲ್ಬಮ್ಮಿನಲ್ಲಿ ಊಟದ ಪಂಕ್ತಿಯ ಫೋಟೋ ನೋಡಿ. ಸಾಲಾಗಿ ಕೂತವರ ಮುಖ ಪಕ್ಕದಿಂದಲೇ ಬಿದ್ದಿರುತ್ತದೆ. ಒಂದು ಸಿಕ್ಕರೆ ಸಾಕು, ದೊಡ್ಡದು ಮಾಡಿಸಿ ಗೆರೆ ಎಳೆದುಕೊಳ್ಳಬಹುದು.

ನನ್ನ ಅಜ್ಜಿಯದು ಹೇಳುತ್ತೇನೆ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಅಂತ ಅವರ ನಂಬಿಕೆ. ಹಾಗಾಗಿ ಅವರದು ಒಂದೂ ಫೋಟೋ ಇಲ್ಲ. ಆಗ ನನಗೆ ಹನ್ನೊಂದು ವರ್ಷ. ಮಳೆಗಾಲದ ರಾತ್ರಿ ಕರೆಂಟ್ ಹೋಗಿತ್ತು. ಅಜ್ಜಿ ನಡುಮನೆಯಲ್ಲಿ ಗೋಡೆ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದರು. ದೂರದಲ್ಲಿ ಲಾಟೀನು. ಗೋಡೆ ಮೇಲೆ ಅಜ್ಜಿಯ ನೆರಳು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ, ತುರುಬಿನಿಂದ ಜಾರಿದ ಕೂದಲು ಕೂಡ ಕಾಣುತ್ತಿತ್ತು. ಪುಸ್ತಕಕ್ಕೆ ಹಾಕಲು ತಂದಿದ್ದ ಬ್ರೌನ್ ಪೇಪರ್ ಹಿಡಿದು ಪೆನ್ಸಿಲ್ಲಿನಿಂದ ಗೆರೆ ಎಳೆಯತೊಡಗಿದೆ. ಅಜ್ಜಿ ಏನೋ ಹೇಳಲು ಹೊರಟರು. ಬಾಯಿ ತುಂಬ ರಸ, ಮಾತಾಡುವ ಹಾಗಿರಲಿಲ್ಲ. ಕೈ ಆಡಿಸಿದರು, ಆಮೇಲೆ ಸುಮ್ಮನಾದರು. ಮರುದಿನ ಅಮ್ಮ ರವಿಕೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಲ್ಲೇ ಅದನ್ನು ಕತ್ತರಿಸಿದೆ. ಇದ್ದಿಲ ಪುಡಿ ತಿಕ್ಕಿ ಕಪ್ಪು ಮಾಡಿದೆ. ಅಮ್ಮ ನೋಡಿ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ಅತ್ತೆ ಈಗ ಎದ್ದು ಉಗುಳೋಕೆ ಹೋಗ್ತಾರೆ ನೋಡು" ಅಂದರು. ತುಟಿ ಎರಡೂ ಮುಂದಕ್ಕೆ ಒತ್ತಿಕೊಂಡು, ರಸ ಚೆಲ್ಲದ ಹಾಗೆ ಗಲ್ಲ ಒಂಚೂರು ಮೇಲಕ್ಕೆ ಎತ್ತಿಕೊಂಡು, ಅಜ್ಜಿ ಹಾಗೇ ಇದ್ದರು.

ಅಜ್ಜಿ ಅದನ್ನು ಕಂಡು ಬೈಯಲಿಲ್ಲ. ನೆರಳು ತಾನೇ, ಇರಲಿ ಅಂದರು. ಅವರು ಹೋಗಿ ನಲವತ್ತು ವರ್ಷದ ಮೇಲಾಯಿತು. ಆ ತುಟಿ ಇವತ್ತಿಗೂ ಮಾತು ತಡೆದುಕೊಂಡ ಹಾಗೇ ಇದೆ.

ಗ್ರೀಕರಲ್ಲಿ ಒಂದು ಹಳೆಯ ಕಥೆ ಇದೆ. ರೋಮಿನ ಪ್ಲಿನಿ ಬರೆದಿಟ್ಟದ್ದು. ಕೊರಿಂಥ್‌ನಲ್ಲಿ ಬ್ಯುಟಾಡಿಸ್ ಎಂಬ ಕುಂಬಾರನ ಮಗಳು, ಪ್ರೀತಿಸಿದ ಹುಡುಗ ದೂರ ದೇಶಕ್ಕೆ ಹೊರಟಾಗ, ದೀಪದ ಬೆಳಕಿನಲ್ಲಿ ಗೋಡೆಗೆ ಬಿದ್ದ ಅವನ ಮುಖದ ನೆರಳಿನ ಸುತ್ತ ಗೆರೆ ಎಳೆದಳಂತೆ. ಅಪ್ಪ ಅದಕ್ಕೆ ಜೇಡಿಮಣ್ಣು ತುಂಬಿ ಸುಟ್ಟು ಗಟ್ಟಿ ಮಾಡಿದನಂತೆ. ಅಮೆರಿಕದ ವರ್ಮಾಂಟ್‌ನಲ್ಲಿ ಚಾರಿಟಿ ಬ್ರಯಂಟ್, ಸಿಲ್ವಿಯಾ ಡ್ರೇಕ್ ಅಂತ ಇಬ್ಬರು ಹೆಂಗಸರು 44 ವರ್ಷ ಒಟ್ಟಿಗೆ ಬಾಳಿದರು. ಅವರಿಬ್ಬರ ನೆರಳು ಚಿತ್ರ ಎದುರುಬದುರಾಗಿ, ಸುತ್ತ ಹೆಣೆದ ಕೂದಲಿನ ಎಳೆಯ ಜೊತೆ, ಮಿಡಲ್‌ಬರಿ ಊರಿನ ಮ್ಯೂಸಿಯಮ್ಮಿನಲ್ಲಿದೆ. ದೂರವಾಗುವವರ ಮುಖದ ಅಂಚನ್ನಾದರೂ ಹಿಡಿದಿಡಬೇಕು ಅನ್ನುವುದು ಎಲ್ಲ ಕಡೆಯೂ ಒಂದೇ.

ಈಗ ನಿಮ್ಮ ತಾಯಿಯವರ ಮಾತು. ತಂದೆಯವರ ಫೋಟೋ ಹುಡುಕುವುದು ನಾಳೆಗೂ ಆಗುತ್ತದೆ. ತಾಯಿಯವರದು ಈ ವಾರವೇ ಮಾಡಿ. ಕ್ಯಾಮೆರಾ ಬೇಡ, ಸೆರಗು ಅಡ್ಡ ಹಿಡಿಯುವ ಕೆಲಸವೂ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ, ಅವರು ದಿನಾ ಕೂರುವ ಜಾಗದಲ್ಲೇ ಕೂರಲಿ, ಕುರ್ಚಿ ಮಾತ್ರ ಗೋಡೆ ಹತ್ತಿರ ಸರಿಸಿ. ಕೈಯಲ್ಲಿ ಮಲ್ಲಿಗೆ ಹೂವು ಕಟ್ಟುತ್ತಿದ್ದರೆ ಕಟ್ಟಲಿ, ತಲೆ ಒಂದು ಅಲುಗಾಡದಿದ್ದರೆ ಸಾಕು. ಕನ್ನಡಕ ಹಾಕಿಕೊಳ್ಳುವವರಾದರೆ ಅದು ಇರಲಿ. ತುರುಬು ಸರಿ ಮಾಡಿಕೊಳ್ಳುತ್ತೇನೆ ಅಂತ ಎದ್ದರೆ, ಬೇಡ ಅನ್ನಿ. ಜಾರಿದ್ದರೆ ಜಾರಿರಲಿ. ಗೆರೆ ಎಳೆದು ಮುಗಿಸಿ ನನಗೊಂದು ಕಾಗದ ಬರೆಯಿರಿ.